ಕಿಡ್ನಿ ಕಲ್ಲು ಒಡೆಸುವ ಮುನ್ನ ಸ್ಟೆಂಟ್ ಹಾಕಿಸಲೇಬೇಕೇ?

ಹೇಳಿಕೆ: ‘ಶಾಕ್ ವೇವ್‌ನಿಂದ ಕಲ್ಲು ಒಡೆಸುವ ಮೊದಲು ಸ್ಟೆಂಟ್ ಹಾಕಿಸಿ. ಹಾಕಿಸಿದರೆ ಚೂರುಗಳು ಬೇಗ ಬೀಳುತ್ತವೆ.’

ವಾಸ್ತವ: ಸ್ಟೆಂಟ್ ಎಲ್ಲರಿಗೂ ಬೇಕಿಲ್ಲ. ಕೆಲವರಿಗೆ ಮಾತ್ರ ಅದು ಕಿಡ್ನಿಯನ್ನೇ ಉಳಿಸುತ್ತದೆ.

‘ಮುತಖಡಾ’ ಎಂದರೆ ಗಡಿಭಾಗದ ಮನೆಮನೆಗೂ ಗೊತ್ತು. ಚಿಕಿತ್ಸೆಗೆ ಕಾಗವಾಡದವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಚಿಕ್ಕೋಡಿ, ರಾಯಬಾಗ, ಅಥಣಿಯಿಂದ ಬೆಳಗಾವಿಗೆ ಹೋಗುವವರೂ ಇದ್ದಾರೆ. ಒಬ್ಬರಿಗೆ ಸ್ಟೆಂಟ್ ಹಾಕಿ, ಇನ್ನೊಬ್ಬರಿಗೆ ಹಾಕದೆ ಕಳಿಸಿದರೆ ಅನುಮಾನ ಶುರುವಾಗುತ್ತದೆ.

ಶಾಕ್ ವೇವ್ ಏನು ಮಾಡುತ್ತದೆ?

ಇದು ಕರೆಂಟ್ ಶಾಕ್ ಅಲ್ಲ. ಯಂತ್ರವು ದೇಹದ ಹೊರಗಿನಿಂದ ಕಳಿಸುವ ಒತ್ತಡದ ಅಲೆಗಳು ಕಲ್ಲಿನ ಮೇಲೆ ಕೇಂದ್ರೀಕೃತವಾಗಿ ಅದನ್ನು ಚೂರು ಮಾಡುತ್ತವೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನೀಡಲಾಯಿತು. ಚೂರುಗಳು ಮೂತ್ರನಾಳದ ಮೂಲಕ ಇಳಿದು ಹೊರಬೀಳಬೇಕು.

ಸ್ಟೆಂಟ್ ಇದ್ದರೆ ಚೂರು ಬೇಗ ಇಳಿಯುವುದಿಲ್ಲವೇ?

ಇಲ್ಲ. ‘ಡಿಜೆ ಸ್ಟೆಂಟ್’ ಕಿಡ್ನಿಯಿಂದ ಮೂತ್ರಚೀಲದವರೆಗೆ ಇಡುವ ತೆಳು ಕೊಳವೆ. ಅದರ ಕೆಲಸ ಮೂತ್ರ ಹರಿಯಲು ದಾರಿ ಬಿಡುವುದು. ಮೂತ್ರನಾಳ ಬರೀ ಪೈಪಲ್ಲ, ಅಲೆಅಲೆಯಾಗಿ ಹಿಂಡಿ ಮೂತ್ರವನ್ನು ಕೆಳಗೆ ತಳ್ಳುತ್ತದೆ. ಒಳಗೆ ಸ್ಟೆಂಟ್ ಇದ್ದರೆ ಆ ಹಿಂಡುವಿಕೆ ಕುಗ್ಗುತ್ತದೆ, ಜಾಗವೂ ಕಡಿಮೆಯಾಗುತ್ತದೆ. ಜತೆಗೆ ಪದೇಪದೇ ಮೂತ್ರ, ಉರಿ, ಸೊಂಟನೋವು, ಮೂತ್ರದಲ್ಲಿ ರಕ್ತ ಕಾಣಿಸಬಹುದು.

ಹಾಗಾಗಿಯೇ ಅಮೆರಿಕ ಮತ್ತು ಯುರೋಪಿನ ಮೂತ್ರರೋಗ ತಜ್ಞರ ಸಂಘಗಳ ಮಾರ್ಗಸೂಚಿಗಳು ಶಾಕ್ ವೇವ್‌ಗೆ ಮುನ್ನ ಎಲ್ಲರಿಗೂ ಸ್ಟೆಂಟ್ ಹಾಕುವುದನ್ನು ಬೆಂಬಲಿಸುವುದಿಲ್ಲ. ಆದರೆ ಚೂರುಗಳು ನಾಳದಲ್ಲಿ ಸಾಲಾಗಿ ಸಿಕ್ಕಿಕೊಳ್ಳುವುದನ್ನು ಸ್ಟೆಂಟ್ ಕೊಂಚ ತಡೆಯಬಹುದು.

ಯಾರಿಗೆ ಬೇಕು?

• ಕಲ್ಲು ಅಡ್ಡವಾಗಿ ಮೂತ್ರ ಕಟ್ಟಿ, ಸೋಂಕು ಆದವರಿಗೆ. ಇದು ತುರ್ತು ಸ್ಥಿತಿ. ಮೊದಲು ಮೂತ್ರಕ್ಕೆ ದಾರಿ ಮಾಡಬೇಕು, ಕಲ್ಲು ಒಡೆಯುವುದು ಆಮೇಲೆ.
• ಒಂದೇ ಕಿಡ್ನಿ ಇರುವವರಲ್ಲಿ ಮೂತ್ರ ಕಟ್ಟುವ ಅಪಾಯವಿದ್ದರೆ.
• ಔಷಧಕ್ಕೂ ಬಗ್ಗದ ನೋವಿದ್ದರೆ ಅಥವಾ ಕಿಡ್ನಿಯ ಕೆಲಸ ಕುಸಿಯುತ್ತಿದ್ದರೆ.

ಮರೆತರೆ ಅಪಾಯ

ಹೃದಯದ ಸ್ಟೆಂಟ್ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ. ಡಿಜೆ ಸ್ಟೆಂಟ್ ಹಾಗಲ್ಲ, ವೈದ್ಯರು ಹೇಳಿದ ದಿನಕ್ಕೆ ತೆಗೆಸಲೇಬೇಕು ಅಥವಾ ಬದಲಿಸಬೇಕು. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ, ಸೋಂಕಾಗುತ್ತದೆ, ಕಿಡ್ನಿಯೇ ಕೈಕೊಡಬಹುದು. ನೋವು ನಿಂತಿತೆಂದರೆ ಸ್ಟೆಂಟ್ ತಾನಾಗಿಯೇ ಹೋಯಿತು ಎಂದಲ್ಲ.

ಮಿರಜಿನಲ್ಲಿ ಹಾಕಿಸಿ ಬೆಳಗಾವಿಯಲ್ಲಿ ತೋರಿಸುವವರು ಡಿಸ್ಚಾರ್ಜ್ ಕಾರ್ಡ್ ಜೋಪಾನ ಮಾಡಿ. ತೆಗೆಸುವ ದಿನಾಂಕವನ್ನು ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ, ಮನೆಯವರಿಗೂ ಹೇಳಿ. ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಅಂದೇ ಆಸ್ಪತ್ರೆಗೆ ಹೋಗಿ.

ತೀರ್ಮಾನ: ಹೇಳಿಕೆ ತಪ್ಪುದಾರಿಗೆಳೆಯುವಂಥದ್ದು. ‘ನನಗೆ ಸ್ಟೆಂಟ್ ಯಾಕೆ ಬೇಕು? ಯಾವಾಗ ತೆಗೆಯುತ್ತೀರಿ?’ ಈ ಎರಡು ಪ್ರಶ್ನೆ ವೈದ್ಯರಿಗೆ ಕೇಳಿ. ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದರೆ, ಫಾರ್ವರ್ಡ್ ಮಾಡುವ ಮೊದಲು ತೆಗೆಸಿದ್ದಾರೋ ಇಲ್ಲವೋ ವಿಚಾರಿಸಿ.