ವೇಷದ ಹೊಲಿಗೆ ಒಳಗಿನಿಂದ ಶುರುವಾಗಲಿ

ಶ್ರೀರಂಗಪಟ್ಟಣದ ಕೋಟೆ ದಾಟಿ ಪೂರ್ವಕ್ಕೆ ನಡೆದರೆ ಮೊದಲು ಸಿಗುವುದು ದರಿಯಾ ದೌಲತ್. ಮುಂದೆ ಗಂಜಾಂ, ಅಲ್ಲಿಂದ ಗುಂಬಜ್‌ಗೆ ಹೆಚ್ಚು ದೂರವಿಲ್ಲ. ನಿಮಿಷಾಂಬ ದೇವಾಲಯಕ್ಕೆ ಬರುವ ಭಕ್ತರಿಗೂ ಗುಂಬಜ್ ನೋಡಲು ಬರುವ ಪ್ರವಾಸಿಗರಿಗೂ ಪರಿಚಿತವಾದ ಊರಿದು. ಇಂಥ ಊರಿನ ಸುತ್ತಮುತ್ತ ಶಾಲಾ ವಾರ್ಷಿಕೋತ್ಸವ ಬಂತೆಂದರೆ ಟಿಪ್ಪು ಸುಲ್ತಾನನ ಪಾತ್ರ ಇಲ್ಲದಿದ್ದರೆ ಹೇಗೆ?

ಪಾತ್ರವೇನೋ ಮಗುವಿಗೆ ಸಿಗುತ್ತದೆ. ವೇಷ ಮಾತ್ರ ಬಾಡಿಗೆ ಅಂಗಡಿಯಿಂದ ಬರುತ್ತದೆ. ಕೆಂಪು ಮಖಮಲ್ಲಿನ ಕೋಟು, ಅಂಚಿಗೆ ಜರಿ, ಎದೆಯ ತುಂಬ ಚಮಕಿ. ಅಳತೆ ದೊಡ್ಡವರದು, ಆದ್ದರಿಂದ ಬೆನ್ನಿಗೆ ನಾಲ್ಕು ಪಿನ್ನು. ಒಳಗೆ ಇರುವುದು ಶಾಲೆಯ ಸಮವಸ್ತ್ರವೇ. ವಿದ್ಯುದ್ದೀಪಗಳ ಕೆಳಗೆ ಹತ್ತು ನಿಮಿಷ ನಿಲ್ಲುವಷ್ಟರಲ್ಲಿ ಮಗು ಬೆವರಿನಲ್ಲಿ ತೊಯ್ದು, ಕಲಿತ ಮಾತು ಮರೆತು, ಕತ್ತಿ ಎತ್ತಲು ಹೋದರೆ ಕೋಟೆಲ್ಲ ಕಿವಿಯವರೆಗೆ ಏರುತ್ತದೆ. ಸಭೆ ನಗುತ್ತದೆ. ತಂದೆತಾಯಿ ಬಾಡಿಗೆ ಹಣ ಕೊಟ್ಟು ವೇಷವನ್ನು ಹಿಂತಿರುಗಿಸುತ್ತಾರೆ.

ಈ ನಷ್ಟ ಕೇವಲ ಹಣದ್ದಲ್ಲ. ವೇದಿಕೆಯ ಮೇಲೆ ಕಂಡದ್ದೇ ಮಕ್ಕಳ ಮನಸ್ಸಿನಲ್ಲಿ ಇತಿಹಾಸವಾಗಿ ಉಳಿಯುತ್ತದೆ. ಹಾಗಾದರೆ ಟಿಪ್ಪು ನಿಜವಾಗಿ ಏನು ತೊಟ್ಟಿದ್ದ?

ಕಣ್ಣಾರೆ ಕಂಡವರ ಸಾಕ್ಷ್ಯ

ಈ ಪ್ರಶ್ನೆಗೆ ಒಂದು ದಿನದ ಮಟ್ಟಿಗಾದರೂ ಸ್ಪಷ್ಟ ಉತ್ತರವಿದೆ. ಅದು 1799ರ ಮೇ 4. ಅಂದು ಮಧ್ಯಾಹ್ನ ಕೋಟೆಯ ಮೇಲೆ ದಾಳಿ ನಡೆಯಿತು. ರಾತ್ರಿಯಾದ ಮೇಲೆ ಹೆಬ್ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿದಾಗ ಬ್ರಿಟಿಷ್ ಸೇನೆಯ ಮೇಜರ್ ಅಲನ್ ಅಲ್ಲಿದ್ದ. ಆತ ಬರೆದಿಟ್ಟ ವಿವರ 1800ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೀಟ್ಸನ್‌ನ ಗ್ರಂಥದಲ್ಲಿ ಸೇರಿದೆ.

ಅದರ ಪ್ರಕಾರ ಟಿಪ್ಪು ತೊಟ್ಟಿದ್ದುದು ನಯವಾದ ಬಿಳಿ ಬಟ್ಟೆಯ ಅಂಗಿ, ಹೂಗಳಿದ್ದ ಚೀಟಿ ಬಟ್ಟೆಯ ಸಡಿಲವಾದ ಇಜಾರ. ನಡುವಿಗೆ ರೇಷ್ಮೆ ಮತ್ತು ಹತ್ತಿ ಬೆರೆತ ಕಡುಗೆಂಪು ದಟ್ಟಿ. ಹೆಗಲಿನಿಂದ ಅಡ್ಡಲಾಗಿ ಕೆಂಪು-ಹಸಿರು ರೇಷ್ಮೆ ಪಟ್ಟಿಗೆ ತೂಗುಬಿಟ್ಟ ಒಂದು ಚೀಲ. ತೋಳಿನಲ್ಲಿ ತಾಯಿತ. ಪೇಟ ಬಿದ್ದುಹೋಗಿತ್ತು. ಇನ್ನಾವ ಒಡವೆಯೂ ಇರಲಿಲ್ಲ.

ಮಖಮಲ್ಲೂ ಇಲ್ಲ, ಚಮಕಿಯೂ ಇಲ್ಲ. ದರ್ಬಾರಿನಲ್ಲಿ ಬೇರೆ ಉಡುಪು ಇದ್ದಿರಬಹುದು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ಹೋರಾಡಲು ಹೊರಟವನು ಬೆವರು ಆರಿಸುವ ತೆಳು ಬಟ್ಟೆಯನ್ನು ತೊಟ್ಟಿದ್ದ. ಮನೆಯಲ್ಲೇ ಹೊಲಿಯಬಹುದಾದ ವೇಷಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಕೆ?

ಇನ್ನೊಂದು ಸಾಕ್ಷಿ ದರಿಯಾ ದೌಲತ್. 1784ರಲ್ಲಿ ಕಟ್ಟಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರಂದು ನಡೆದ ಪೊಳ್ಳಿಲೂರು ಕದನದ ಚಿತ್ರವಿದೆ. ಮೈಸೂರಿನ ಕುದುರೆ ಸವಾರರು, ಕೆಂಪು ಕೋಟಿನ ಕಂಪನಿ ಸೈನಿಕರು, ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ ಎಲ್ಲರೂ ಅಲ್ಲಿದ್ದಾರೆ. ಆದರೆ ಒಂದು ಎಚ್ಚರಿಕೆ ಬೇಕು. ಈ ಚಿತ್ರವನ್ನು ಮೊದಲು ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಸುಣ್ಣ ಬಳಿದು ಮರೆಯಾದದ್ದನ್ನು 1850ರ ದಶಕದಲ್ಲಿ ಡಾಲ್‌ಹೌಸಿ ಸ್ಥಳೀಯ ಕಲಾವಿದನಿಂದ ಬರೆಸಿದ. ಹಾಗಾಗಿ ಉಡುಪಿನ ಆಕಾರಕ್ಕೆ ಚಿತ್ರವನ್ನು ನೋಡಬಹುದು. ಪ್ರತಿಯೊಂದು ಬಣ್ಣಕ್ಕೂ ಅದನ್ನೇ ಪ್ರಮಾಣವೆನ್ನಲಾಗದು. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬದೆ ಮತ್ತೊಮ್ಮೆ ಅಳೆಯುತ್ತೇವಲ್ಲ, ಅದೇ ರೀತಿ.

ಮೊದಲು ಒಳ ಉಡುಪು ಏಕೆ?

ಸೀರೆ ಉಡುವ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಲಂಗದ ಲಾಡಿ ಸಡಿಲವಾದರೆ ಎಂಥ ಬೆಲೆಬಾಳುವ ಸೀರೆಯ ನೆರಿಗೆಯೂ ನಿಲ್ಲುವುದಿಲ್ಲ. ಹೊರಗಿನ ಬಟ್ಟೆಯ ಆಕಾರವನ್ನು ಒಳಗಿನ ಬಟ್ಟೆ ನಿರ್ಧರಿಸುತ್ತದೆ.

ಇದರ ಅತಿ ದೊಡ್ಡ ಉದಾಹರಣೆ ಡಾಲ್‌ಹೌಸಿಯ ಒಡತಿಯಾಗಿದ್ದ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಸ್ತ್ರೀಯರ ಉಡುಪು. ಮೈಗೆ ತಾಗುವಂತೆ ಶಿಮ್ಮೀಸು, ಚಲ್ಲಣ. ಮೇಲೆ ನಡು ಬಿಗಿಯುವ ಕಾರ್ಸೆಟ್. ಅದರ ಮೇಲೆ ಪೆಟಿಕೋಟುಗಳು. ಎಲ್ಲಕ್ಕೂ ಕೊನೆಗೆ ಗೌನು. 1856ರ ಸುಮಾರಿಗೆ ಉಕ್ಕಿನ ಬಳೆಗಳಿಂದ ಮಾಡಿದ ಪಂಜರದಂಥ ಕ್ರಿನೊಲಿನ್ ಬಂದು, ಹಲವು ಪೆಟಿಕೋಟುಗಳ ಭಾರವನ್ನು ತಪ್ಪಿಸಿತು. ಶಾಲೆಯ ನಾಟಕದಲ್ಲಿ ರಾಣಿಯ ಪಾತ್ರ ವಹಿಸುವ ಹುಡುಗಿಗೆ ಹಳೆಯ ಪೈಪಿನ ಬಳೆಗಳಿಂದ ಇದನ್ನು ಮಾಡಿಕೊಡಬಹುದು.

ಅಲ್ಲಿ ಒಂದು ಲೆಕ್ಕವಿದೆ. ನಡುವಿನಿಂದ ನೆಲಕ್ಕೆ 36 ಇಂಚು. ಕೆಳಗಿನ ಬಳೆ ಕಾಲಿನ ನೇರದಿಂದ 15 ಇಂಚು ಹೊರಕ್ಕೆ ಚಾಚಿದೆ. ಬಟ್ಟೆ ಇಳಿಯುವುದು ಓರೆಯಾಗಿ. ಪೈಥಾಗೊರಸ್ ಪ್ರಮೇಯದಂತೆ 36ರ ವರ್ಗಕ್ಕೆ 15ರ ವರ್ಗವನ್ನು ಕೂಡಿ ವರ್ಗಮೂಲ ತೆಗೆದರೆ 39. ನೇರವಾಗಿ ಅಳೆದು 36 ಇಂಚಿಗೆ ಕತ್ತರಿಸಿದ ಗೌನು ಬಳೆಯ ಮೇಲೆ ಹಾಕಿದಾಗ ಮೂರು ಇಂಚು ಗಿಡ್ಡವಾಗುತ್ತದೆ. ಕತ್ತರಿಸಿದ ಬಟ್ಟೆಯನ್ನು ಮತ್ತೆ ಬೆಳೆಸಲು ಯಾವ ದರ್ಜಿಯಿಂದಲೂ ಆಗದು!

ಟಿಪ್ಪುವಿನ ಎದುರು ನಿಲ್ಲುವ ಕಂಪನಿ ಸೈನಿಕನಿಗೂ ಇದೇ ನಿಯಮ. ಆ ಕಾಲದ ಇಂಗ್ಲಿಷ್ ಸೈನಿಕನ ಬಿಳಿ ಶರ್ಟು ತೊಡೆಯವರೆಗೆ ಉದ್ದ. ಅದರ ತುದಿಯನ್ನು ಕಾಲುಗಳ ನಡುವೆ ಮಡಿಸಿಕೊಂಡರೆ ಅದೇ ಒಳಚಡ್ಡಿ. ಮೇಲೆ ತೋಳಿಲ್ಲದ ವೇಸ್ಟ್‌ಕೋಟು, ಕುತ್ತಿಗೆಗೆ ಚರ್ಮದ ಪಟ್ಟಿ, ಅನಂತರ ಉಣ್ಣೆಯ ಬನಾತಿನ ಕೆಂಪು ಕೋಟು. ಸಾಮಾನ್ಯ ಸೈನಿಕನ ಕೋಟಿನ ಕೆಂಪು ಬರುತ್ತಿದ್ದುದು ನಮ್ಮ ಮಂಜಿಷ್ಠದ ಜಾತಿಗೆ ಸೇರಿದ ಗಿಡದ ಬೇರಿನಿಂದ. ಅಧಿಕಾರಿಗಳ ಹೊಳಪುಗೆಂಪು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಒಂದು ಕೀಟದಿಂದ.

ಕೋಟಿನ ಅಳತೆಯನ್ನು ಬರಿ ಮೈಯ ಮೇಲೆ ತೆಗೆದರೆ ಏನಾದೀತು? ವೃತ್ತದ ಪರಿಧಿ ತ್ರಿಜ್ಯದ 2π ಪಟ್ಟು. ಒಳಗೆ 3 ಮಿಲಿಮೀಟರು ದಪ್ಪದ ಒಂದು ಪದರ ಸೇರಿದರೆ ಸುತ್ತಳತೆ ಸುಮಾರು 19 ಮಿಲಿಮೀಟರು, ಎಂದರೆ ಮುಕ್ಕಾಲು ಇಂಚು ಹೆಚ್ಚುತ್ತದೆ. ತೆಳ್ಳಗಿನ ಮಗುವಾದರೂ ದಪ್ಪನೆಯ ಮಗುವಾದರೂ ಈ ಹೆಚ್ಚಳ ಅಷ್ಟೇ. ಎರಡು ಪದರವಾದರೆ ಒಂದೂವರೆ ಇಂಚು. ಗುಂಡಿ ಹಾಕಲಾಗದ ಕೋಟಿನ ಗುಟ್ಟು ಇದು. ಆದ್ದರಿಂದ ಒಳಗಿನದನ್ನು ಮೊದಲು ಹೊಲಿದು, ಮಗುವಿಗೆ ತೊಡಿಸಿ, ಅದರ ಮೇಲೆ ಟೇಪು ಹಿಡಿಯಬೇಕು.

ಬಗಲಿನ ಚೌಕ

ಟಿಪ್ಪುವಿನ ವೇಷಕ್ಕೆ ಬರೋಣ. ಎದೆ ಸುತ್ತಳತೆ 28 ಇಂಚು ಇರುವ ಹನ್ನೆರಡು ವರ್ಷದ ಹುಡುಗನೆಂದು ಇಟ್ಟುಕೊಳ್ಳಿ. ಎಲ್ಲಕ್ಕೂ ಒಳಗೆ ಬೆವರು ಹೀರುವ ಹತ್ತಿಯ ಬನಿಯನ್ನು ಮತ್ತು ಚಡ್ಡಿ ಇರಲಿ; ಸಮವಸ್ತ್ರ ಬೇಡ.

ಅಂಗಿಗೆ 36 ಇಂಚು ಪನ್ನದ ಬಿಳಿ ಮಲ್ ಬಟ್ಟೆ ಒಂದೂಮುಕ್ಕಾಲು ಮೀಟರು ಸಾಕು. ಕತ್ತರಿಸುವ ಮುಂಚೆ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಹತ್ತಿ ಕುಗ್ಗುವುದು ಕುಗ್ಗಿಬಿಡಲಿ. ಆಮೇಲೆ 60 ಇಂಚು ಉದ್ದ ತೆಗೆದುಕೊಂಡು, ಉದ್ದಕ್ಕೆ ಸೀಳಿ 18 ಇಂಚು ಅಗಲದ ಎರಡು ತುಂಡು ಮಾಡಿ. ಒಂದನ್ನು ಹೆಗಲ ಮೇಲೆ ಮಡಿಸಿದರೆ ಮುಂದೆ 30, ಹಿಂದೆ 30 ಇಂಚು: ಅದು ಮೈ. ಇನ್ನೊಂದರಲ್ಲಿ 20 ಇಂಚು ಉದ್ದ, 14 ಇಂಚು ಅಗಲದ ಎರಡು ತೋಳು ಬರುತ್ತವೆ. ಪಕ್ಕದಲ್ಲಿ ಉಳಿಯುವ 4 ಇಂಚಿನ ಪಟ್ಟಿ ಮುಂಭಾಗದ ಸೀಳಿಗೆ. ತುದಿಯಲ್ಲಿ ಉಳಿಯುವ ತುಂಡಿನಲ್ಲಿ ಕುತ್ತಿಗೆ ಪಟ್ಟಿ, ಕಟ್ಟುವ ಲಾಡಿಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾದ 5 ಇಂಚಿನ ಎರಡು ಚೌಕ.

ಈ ಚೌಕ ಕಂಕುಳಿಗೆ. ಅದರ ಎರಡು ಅಂಚು ತೋಳಿಗೆ, ಎರಡು ಅಂಚು ಮೈಗೆ ಸೇರುತ್ತವೆ. 5 ಇಂಚಿನ ಚೌಕದ ಕರ್ಣ ಸುಮಾರು 7 ಇಂಚು. ಎಂದರೆ ತೋಳಿನ ಬುಡದಲ್ಲಿ, ಹೊಲಿಗೆಗೆ ಹೋದದ್ದನ್ನು ಬಿಟ್ಟರೆ, ಅಷ್ಟು ಹೆಚ್ಚು ಅವಕಾಶ ಸಿಗುತ್ತದೆ. ಅಲ್ಲದೆ ಬಟ್ಟೆ ಅಲ್ಲಿ ಓರೆಯಾಗಿ ಎಳೆತಕ್ಕೆ ಸಿಕ್ಕುತ್ತದೆ. ಹಾಸು-ಹೊಕ್ಕು ದಾರಗಳ ನೇರಕ್ಕೆ ಎಳೆದರೆ ಹಿಗ್ಗದ ಬಟ್ಟೆ ಓರೆಗೆ ಎಳೆದರೆ ಹಿಗ್ಗುತ್ತದೆ. ಕರವಸ್ತ್ರದ ಎದುರು ಬದುರು ಮೂಲೆಗಳನ್ನು ಹಿಡಿದೆಳೆದು ಯಾರೂ ಪರೀಕ್ಷಿಸಬಹುದು. ಈಗ ಹುಡುಗ ಕತ್ತಿ ಎತ್ತಿದರೆ ತೋಳು ಮಾತ್ರ ಮೇಲೇಳುತ್ತದೆ, ಅಂಗಿ ಏರುವುದಿಲ್ಲ.

ಕುತೂಹಲದ ಸಂಗತಿಯೆಂದರೆ, ಕೆಂಪು ಕೋಟಿನ ಒಳಗಿದ್ದ ಇಂಗ್ಲಿಷ್ ಶರ್ಟನ್ನೂ ಹೀಗೆಯೇ ಆಯತ ಚೌಕಗಳಲ್ಲಿ ಕತ್ತರಿಸಿ, ಕಂಕುಳಿಗೆ ಚೌಕ ಕೊಡುತ್ತಿದ್ದರು. ಎರಡು ಕಡೆಯವರೂ ಕೈಮಗ್ಗದಲ್ಲಿ ನೇಯ್ದ ಬಟ್ಟೆಯ ಒಂದು ಚೂರೂ ವ್ಯರ್ಥವಾಗಬಾರದೆಂದು ಬಯಸಿದವರೇ. ಕದನದಲ್ಲಿ ಎದುರುಬದುರಾದವರ ಅಂಗಿಗಳು ಕಂಕುಳಲ್ಲಿ ಒಂದೇ ಲೆಕ್ಕ ಹೇಳುತ್ತಿದ್ದವು.

ಇಜಾರಕ್ಕೆ ಹೂವಿನ ಚೀಟಿ ಬಟ್ಟೆ ಎರಡು ಮೀಟರು. ಒಂದೊಂದು ಕಾಲಿಗೆ 22 ಇಂಚು ಅಗಲ, 36 ಇಂಚು ಉದ್ದದ ತುಂಡು. ಪಕ್ಕದಲ್ಲಿ ಉಳಿದ 14 ಇಂಚಿನ ಪಟ್ಟಿಯಲ್ಲಿ ಕಾಲುಗಳ ನಡುವೆ ಸೇರಿಸುವ ಇನ್ನೊಂದು ಚೌಕವನ್ನು ತೆಗೆಯಬೇಕು. ಅದಿಲ್ಲದಿದ್ದರೆ ಮಂಡಿಯೂರುವ ದೃಶ್ಯದಲ್ಲಿ ಹೊಲಿಗೆ ಬಿಡುವುದು ಖಂಡಿತ. ನಡುವಿಗೆ ಲಾಡಿ. ದಟ್ಟಿಗೆ ಅಮ್ಮನ ಹಳೆಯ ಕೆಂಪು ರೇಷ್ಮೆ ಸೀರೆಯ ಒಂದು ಅಂಚು ಸಾಕು; ಪೇಟಕ್ಕೆ ಅಜ್ಜನ ಪಂಚೆ.

ಒಂದು ಕಿವಿಮಾತು. ಹೊಸ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೆಯ ಪಂಚೆಯಲ್ಲಿ ಇದೇ ಅಳತೆಗೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಮಗುವಿಗೆ ತೊಡಿಸಿ ನೋಡಬೇಕು. ಕೈ ಎತ್ತಲಿ, ಕೂರಲಿ, ಓಡಲಿ. ತಪ್ಪೆಲ್ಲ ಹಳೆಯ ಬಟ್ಟೆಯಲ್ಲೇ ಕಾಣಿಸಿಕೊಳ್ಳಲಿ.

ಹುಲಿಪಟ್ಟೆ ಮತ್ತು ಎಚ್ಚರ

ಉಳಿದ ಹುಡುಗರು ಟಿಪ್ಪುವಿನ ಸೈನಿಕರಾಗಲು ಹುಲಿಪಟ್ಟೆಯ ಅಂಗಿ ಬೇಕು. ಅದರ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೈದರ್, ಅವನ ಪತ್ನಿ, ಮಗ ಟಿಪ್ಪು ಮೂವರೂ ಮಲಗಿರುವ ಗುಂಬಜ್‌ನ ಒಳಗೋಡೆಯ ಮೇಲೆ ಹುಲಿಪಟ್ಟೆಗಳ ಚಿತ್ತಾರವಿದೆ. ಆ ಆಕಾರವನ್ನು ಕಾಗದಕ್ಕೆ ಇಳಿಸಿಕೊಂಡು, ಅರ್ಧ ಕತ್ತರಿಸಿದ ಆಲೂಗಡ್ಡೆಯಲ್ಲಿ ಕೆತ್ತಿ, ಬಟ್ಟೆಯ ಬಣ್ಣದಲ್ಲಿ ಅದ್ದಿ ಒತ್ತಿದರೆ ಅಚ್ಚು ತಯಾರು. ಇದನ್ನು ಮಕ್ಕಳೇ ಮಾಡಬಹುದು, ಮಾಡಬೇಕು.

ಬೆಂಕಿಯ ಬಗ್ಗೆ ಮಾತ್ರ ಉದಾಸೀನ ಸಲ್ಲದು. ಗಾಳಿಯಾಡುವ ತೆಳು ಹತ್ತಿ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ. ನೈಲಾನು ಕರಗಿ ಚರ್ಮಕ್ಕೆ ಅಂಟುತ್ತದೆ. ವಿಕ್ಟೋರಿಯಾ ಕಾಲದಲ್ಲಿ ಅಗಲವಾದ ಕ್ರಿನೊಲಿನ್ ಒಲೆಗೆ ತಾಗಿ ಬೆಂದು ಸತ್ತ ಹೆಣ್ಣುಮಕ್ಕಳು ಅನೇಕರು. ವೇದಿಕೆಯ ಮೇಲೆ ನಿಜವಾದ ಪಂಜು, ಪಟಾಕಿ, ತೆರೆದ ದೀಪ ಬೇಡ.

ಎರಡು ಭಾನುವಾರಗಳಲ್ಲಿ ಮುಗಿಯುವ ಕೆಲಸವಿದು. ವೇಷ ಮನೆಯಲ್ಲೇ ಉಳಿಯುತ್ತದೆ. ಮುಂದಿನ ವರ್ಷ ತಮ್ಮನಿಗೋ ಪಕ್ಕದ ಮನೆಯ ಹುಡುಗನಿಗೋ ಆದೀತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ತನ್ನ ಅಂಗಿಯ ಚೌಕವನ್ನು ತಾನೇ ಕತ್ತರಿಸಿದ ಮಗು ಮುಂದೊಮ್ಮೆ ದರಿಯಾ ದೌಲತ್‌ಗೆ ಹೋದಾಗ ಗೋಡೆಯ ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಸೈನಿಕರು ಸೆಕೆಗೆ ಬೆವರಿದವರು, ಅವರ ಅಂಗಿಯನ್ನೂ ಯಾರೋ ಕೂತು ಹೊಲಿದಿದ್ದರು ಎಂಬುದು ಅದಕ್ಕೆ ಹೊಳೆಯುತ್ತದೆ. ಇತಿಹಾಸದ ಪಾಠ ಅಲ್ಲಿಂದಲೇ ಶುರುವಾದರೆ ತಪ್ಪೇನು?