ಕಡಲೆ ಗಿಡದ ಹುಳಿ ಮತ್ತು ಜೀವರಸಾಯನದ ಓದು

ನವಲಗುಂದದ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಹೂ ಬಿಟ್ಟು ಕಾಯಿ ಕಟ್ಟುವಾಗ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಇಬ್ಬನಿ ಆರುವ ಮೊದಲೇ ಹೊಲಕ್ಕಿಳಿದು ಸುಲಗಾಯಿ ಕಿತ್ತರೆ ಕೈಯೆಲ್ಲ ಹುಳಿಯಾಗುತ್ತದೆ, ಗಾಯವಿದ್ದರೆ ಉರಿಯುತ್ತದೆ. ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಅದನ್ನು ಹಿಂಡಿ ಕಡಲೆ ಹುಳಿಯನ್ನು ಸಂಗ್ರಹಿಸುವ ಪದ್ಧತಿ ಹಳೆಯದು. ಈ ಹುಳಿ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಜೀವರಸಾಯನ ವಿಜ್ಞಾನದ ಬಾಗಿಲಿಗೆ ಬರುತ್ತೇವೆ.

ಹುಳಿಯ ಹಿಂದಿನ ಕಥೆ

ಕಡಲೆ ಗಿಡದ ಎಲೆ, ಕಾಂಡ, ಕಾಯಿಗಳ ಮೇಲೆ ಸೂಕ್ಷ್ಮ ರೋಮಗಳಿವೆ. ಅವುಗಳ ತುದಿಯ ಗ್ರಂಥಿಗಳು ಸ್ರವಿಸುವ ದ್ರವದಲ್ಲಿ ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿರುತ್ತವೆ. ಯಾವ ಆಮ್ಲ, ಎಷ್ಟಿದೆ ಎಂದು ರಸಾಯನ ವಿಜ್ಞಾನಿ ಕೇಳುತ್ತಾನೆ. ಜೀವಕೋಶ ಅದನ್ನು ಯಾವ ಕಿಣ್ವದಿಂದ ತಯಾರಿಸಿತು, ಅದರಿಂದ ಗಿಡಕ್ಕೇನು ಲಾಭ ಎಂದು ಜೀವರಸಾಯನ ವಿಜ್ಞಾನಿ ಕೇಳುತ್ತಾನೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನ ಈ ಎರಡನೆಯ ಪ್ರಶ್ನೆಗೆ ಉತ್ತರದ ಒಂದು ಭಾಗವನ್ನು ಕೊಟ್ಟಿತು: ಆಕ್ಸಾಲಿಕ್ ಆಮ್ಲ ಕಾಯಿಕೊರಕ ಹುಳುವಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ.

ಇನ್ನು ಮ್ಯಾಲಿಕ್ ಆಮ್ಲ. ಪಿಯುಸಿಯಲ್ಲಿ ನೀವು ಬಾಯಿಪಾಠ ಮಾಡುವ ಕ್ರೆಬ್ಸ್ ಚಕ್ರದಲ್ಲಿ ಇದೂ ಒಂದು ಘಟ್ಟ. ಹ್ಯಾನ್ಸ್ ಕ್ರೆಬ್ಸ್ ಈ ಚಕ್ರವನ್ನು ವಿವರಿಸಿದ್ದು 1937ರಲ್ಲಿ. 1953ರಲ್ಲಿ ಅವರಿಗೆ ನೊಬೆಲ್ ಬಂತು. ಮ್ಯಾಲಿಕ್ ಆಮ್ಲವನ್ನು ಆಕ್ಸಲೋಅಸಿಟೇಟ್ ಆಗಿ ಮಾರ್ಪಡಿಸುವ ಕಿಣ್ವ ಮ್ಯಾಲೇಟ್ ಡಿಹೈಡ್ರೋಜನೇಸ್. ಇದು ಕಡಲೆ ಗಿಡದಲ್ಲೂ ಇದೆ, ನಿಮ್ಮ ದೇಹದಲ್ಲೂ ಇದೆ.

ಇದೇ ಕಿಣ್ವ ಆಸ್ಪತ್ರೆಯ ಪ್ರಯೋಗಾಲಯದಲ್ಲೂ ದುಡಿಯುತ್ತದೆ. ಯಕೃತ್ತಿನ ಕೋಶಗಳಿಗೆ ಹಾನಿಯಾದಾಗ ಎಸ್‌ಜಿಒಟಿ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಪರೀಕ್ಷೆಯಲ್ಲಿ ಅದು ಆಕ್ಸಲೋಅಸಿಟೇಟನ್ನು ಉತ್ಪಾದಿಸುತ್ತದೆ. ಮ್ಯಾಲೇಟ್ ಡಿಹೈಡ್ರೋಜನೇಸ್ ಇದನ್ನು ಮ್ಯಾಲೇಟ್ ಆಗಿ ಪರಿವರ್ತಿಸುವಾಗ ಎನ್‌ಎಡಿಎಚ್ ಖರ್ಚಾಗುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರುವ ವಸ್ತು. ಆ ಹೀರಿಕೆ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದರೆ ರೋಗಿಯ ರಕ್ತದಲ್ಲಿ ಎಸ್‌ಜಿಒಟಿ ಎಷ್ಟಿದೆ ಎಂದು ತಿಳಿಯುತ್ತದೆ. ಹೊಲದ ಹುಳಿಗೂ ಆಸ್ಪತ್ರೆಯ ವರದಿಗೂ ಇರುವ ಈ ನಂಟೇ ಜೀವರಸಾಯನದ ಸೊಗಸು.

ಏನು ಓದಬೇಕು? ಎಲ್ಲಿ?

ಪದವಿಯಲ್ಲಿ ಪ್ರೋಟೀನು, ಶರ್ಕರ, ಕೊಬ್ಬು, ನ್ಯೂಕ್ಲಿಯಿಕ್ ಆಮ್ಲಗಳ ರಚನೆ, ಕಿಣ್ವಗಳ ವೇಗ, ಚಯಾಪಚಯ, ಅಣುಜೀವವಿಜ್ಞಾನ ಇತ್ಯಾದಿಗಳನ್ನು ಕಲಿಸುತ್ತಾರೆ. ಬಫರ್ ತಯಾರಿ, ಕಲರಿಮೀಟರ್, ಕ್ರೊಮಟೋಗ್ರಫಿ, ಎಲೆಕ್ಟ್ರೋಫೊರೆಸಿಸ್ ಕೈಯಾರೆ ಮಾಡಿ ಕಲಿಯಬೇಕು. ಲೆಕ್ಕಕ್ಕೆ ಹೆದರಿ ಜೀವವಿಜ್ಞಾನ ಹಿಡಿದವರಿಗೆ ಒಂದು ಎಚ್ಚರಿಕೆ: ಇಲ್ಲಿ ಲಾಗರಿದಮ್ಮು, ಗ್ರಾಫು, ಸಾಂದ್ರತೆಯ ಲೆಕ್ಕ ದಿನವೂ ಬೇಕು.

ಜೀವರಸಾಯನ ಎಲ್ಲ ಪದವಿ ಕಾಲೇಜುಗಳಲ್ಲೂ ಇರುವುದಿಲ್ಲ. ಹಾಗೆಂದು ನಿರಾಶರಾಗಬೇಕಿಲ್ಲ. ಬಿ.ಎಸ್ಸಿ.ಯಲ್ಲಿ ರಸಾಯನ ವಿಜ್ಞಾನವನ್ನು ಮಾತ್ರ ಬಿಡಬೇಡಿ. ಅದರ ಜೊತೆ ಸಸ್ಯ ಅಥವಾ ಪ್ರಾಣಿವಿಜ್ಞಾನ ಓದಿದವರಿಗೂ ಹಲವು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಜೀವರಸಾಯನಕ್ಕೆ ಅವಕಾಶವಿದೆ. ಆಯಾ ವರ್ಷದ ಪ್ರವೇಶ ಪ್ರಕಟಣೆ ನೋಡಿ ಖಚಿತಪಡಿಸಿಕೊಳ್ಳಿ. ನವಲಗುಂದದವರಿಗೆ ಹತ್ತಿರವೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ 1921ರಷ್ಟು ಹಳೆಯದು.

ಓದಿದ ಮೇಲೆ?

ಆಹಾರ ಪರೀಕ್ಷೆ: 2011ರ ಆಹಾರ ಸುರಕ್ಷತಾ ನಿಯಮಗಳು ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ ಜೀವರಸಾಯನ ಪದವಿಯನ್ನೂ ಅರ್ಹತೆಯಾಗಿ ಹೇಳಿವೆ. ಆಹಾರ ವಿಶ್ಲೇಷಕರಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ಪ್ರತ್ಯೇಕ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು.

ಉದ್ಯಮ: 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಮೊದಲು ತಯಾರಿಸಿದ ವಸ್ತುಗಳಲ್ಲಿ ಪರಂಗಿಯಿಂದ ತೆಗೆದ ಪಪೈನ್ ಕಿಣ್ವವೂ ಒಂದು. ಇಂದು ಅದು ಇನ್ಸುಲಿನ್ ತಯಾರಿಸುತ್ತದೆ. ಇಂಥ ಕಂಪನಿಗಳ ಉತ್ಪಾದನೆ, ಗುಣಮಟ್ಟ ಪರೀಕ್ಷೆ, ಸಂಶೋಧನೆ ವಿಭಾಗಗಳಲ್ಲಿ ಕೆಲಸಗಳಿವೆ.

ಸಂಶೋಧನೆ ಮತ್ತು ಬೋಧನೆ: ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೀವವಿಜ್ಞಾನಗಳ ಪತ್ರಿಕೆ ಬರೆದು ಜೆಆರ್‌ಎಫ್ ಪಡೆದರೆ ಪಿಎಚ್.ಡಿ. ಓದುವಾಗಲೇ ಶಿಷ್ಯವೇತನ ಸಿಗುತ್ತದೆ. 2023ರ ಜನವರಿಯಿಂದ ಇದು ತಿಂಗಳಿಗೆ 37,000 ರೂಪಾಯಿಗೆ ಏರಿತು. ಮನೆಯಿಂದ ಹಣ ತರಿಸಲಾಗದ ವಿದ್ಯಾರ್ಥಿಗೆ ಇದು ದೊಡ್ಡ ಆಧಾರ.

ಆಸ್ಪತ್ರೆ: ಇಲ್ಲಿ ಅನೇಕರು ಎಡವುತ್ತಾರೆ. ರಕ್ತ ಪರೀಕ್ಷಿಸುವ ತಂತ್ರಜ್ಞರ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಅಥವಾ ಪದವಿಯನ್ನು. ಬೇಗ ಆ ಕೆಲಸ ಹಿಡಿಯಬೇಕೆನ್ನುವವರು ಆ ಕೋರ್ಸನ್ನೇ ಸೇರುವುದು ಒಳ್ಳೆಯದು. ಜೀವರಸಾಯನದಲ್ಲಿ ಬರಿಯ ಬಿ.ಎಸ್ಸಿ.ಗೆ ಅವಕಾಶ ಕಡಿಮೆ, ಎಂ.ಎಸ್ಸಿ. ಮುಗಿಸುವ ಐದು ವರ್ಷಗಳ ತಾಳ್ಮೆ ಇದ್ದವರಿಗೆ ಇದು ತಕ್ಕ ವಿಷಯ.

ಶಿಕ್ಷಕರೇ, ಮೆಡಿಕಲ್ ಸೀಟು ಸಿಗದ ವಿದ್ಯಾರ್ಥಿ ಎಲ್ಲವೂ ಮುಗಿಯಿತೆಂದು ನಿಮ್ಮ ಮುಂದೆ ನಿಂತಾಗ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ. ಅದಕ್ಕೂ ಮೊದಲು, ಒಂದು ಚಳಿಗಾಲದ ಬೆಳಿಗ್ಗೆ ತರಗತಿಯನ್ನು ಕಡಲೆ ಹೊಲಕ್ಕೆ ಕರೆದೊಯ್ಯಿರಿ. ಔಷಧ ಸಿಂಪಡಿಸಿರಬಹುದು, ರುಚಿ ನೋಡುವುದು ಬೇಡ. ಇಬ್ಬನಿ ಇರುವ ಎಲೆಗೆ ನೀಲಿ ಲಿಟ್ಮಸ್ ಕಾಗದವನ್ನು ಒತ್ತಿಸಿ. ಕಾಗದ ಕೆಂಪಾದಾಗ "ಯಾಕೆ?" ಎಂದು ಕೇಳಿ, ಮತ್ತೆ ಮತ್ತೆ ಕೇಳುವ ವಿದ್ಯಾರ್ಥಿಯನ್ನು ಗುರುತಿಸಿಡಿ.