ಗಾಜಿನ ತೊಟ್ಟಿಯ ಗಿಡಗಳಿಗೆ ಕತ್ತರಿ

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರ ಬಾಯಲ್ಲಿ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. ಗಿಡಗಳನ್ನು ತಂದು ನೆಟ್ಟಾಗ ಸೊಗಸಾಗಿದ್ದವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೆಳಗೆಲ್ಲ ಬೋಳು, ಮೇಲೆಲ್ಲ ಗೋಜಲು. ಇದರ ದೋಷವನ್ನು ನೀರಿನ ಮೇಲೋ ಮೀನುಗಳ ಮೇಲೋ ಹೊರಿಸುವುದು ರೂಢಿ. ಅನೇಕ ವೇಳೆ ಅವುಗಳದೇನೂ ತಪ್ಪಿರುವುದಿಲ್ಲ. ಗಿಡ ಚೆನ್ನಾಗಿ ಬೆಳೆದುದರ ಫಲವೇ ಅದು. ಬೆಳೆದ ಗಿಡಕ್ಕೆ ಸಕಾಲದಲ್ಲಿ ಕತ್ತರಿ ತಾಗಿಲ್ಲ, ಅಷ್ಟೆ.

ಇಲ್ಲಿ ಹೇಳಹೊರಟಿರುವುದು ಕಾಂಡದ ಗಿಡಗಳ ವಿಚಾರ ಮಾತ್ರ. ನೆಟ್ಟಗಿನ ಒಂದು ದಂಟು, ದಂಟಿನುದ್ದಕ್ಕೂ ಗೆಣ್ಣುಗಳು, ಗೆಣ್ಣು ಗೆಣ್ಣಿನಲ್ಲಿಯೂ ಎಲೆ, ಇದು ಅವುಗಳ ಲಕ್ಷಣ. ಹೈಡ್ರಿಲ್ಲ, ಕಬೊಂಬ, ಲಿಮ್ನೋಫಿಲ, ರೋಟಾಲ, ಇವೆಲ್ಲ ಈ ಬಗೆಯವು. ತೇವದ ನೆಲದಲ್ಲಿ ಹರಡುವ ನೀರುಬ್ರಾಹ್ಮಿಯೂ ತೊಟ್ಟಿಯಲ್ಲಿ ಮುಳುಗಿಕೊಂಡೇ ಬದುಕಬಲ್ಲ ಇಂಥದೇ ಗಿಡ. (ನಮ್ಮಲ್ಲಿ ಒಂದೆಲಗವನ್ನೂ ಬ್ರಾಹ್ಮಿಯೆಂದು ಕರೆಯುವುದುಂಟು, ಹೆಸರು ಒಂದಾದರೂ ಗಿಡಗಳು ಬೇರೆ.) ವ್ಯಾಲಿಸ್ನೇರಿಯದಂತೆ ಬುಡದಿಂದಲೇ ಎಲೆಗಳ ಗುಚ್ಛ ಹೊರಡುವ ಗಿಡಗಳಿಗೆ ಈ ಮಾತು ಅನ್ವಯಿಸದು. ಅವುಗಳ ನಡುಗುಡಿಗೆ ಕತ್ತರಿ ಹಾಕಿದರೆ ಗಿಡವೇ ಹೋದೀತು.

ಕಾಂಡದ ಗಿಡ ಬೆಳಕನ್ನರಸಿ ಮೇಲೇರುತ್ತದೆ. ನೀರಿನ ಮಟ್ಟ ಮುಟ್ಟಿದ ಮೇಲೂ ನಿಲ್ಲದೆ, ಬಾಗಿ ಅಡ್ಡಡ್ಡ ಹರಿಯುತ್ತದೆ. ತಾನೇ ಹಾಕಿದ ಈ ಚಪ್ಪರದ ನೆರಳಿನಲ್ಲಿ ತನ್ನದೇ ಕೆಳಗಿನ ಎಲೆಗಳು ಬೆಳಕು ಕಾಣದೆ ಹಳದಿಗಟ್ಟಿ ಉದುರುತ್ತವೆ. ಗೆಣ್ಣುಗಳಲ್ಲಿ ಮೊಗ್ಗುಗಳಿರುವುದೇನೋ ನಿಜ. ಆದರೆ ತುದಿಯ ಕುಡಿ ಇರುವವರೆಗೆ ಅವು ಮಲಗಿಯೇ ಇರುತ್ತವೆ. ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ರಸ ಅವುಗಳನ್ನು ತಡೆದಿಡುತ್ತದೆಂದು 1930ರ ದಶಕದಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ತೋರಿಸಿದರು. ಕುಡಿಯನ್ನು ಕತ್ತರಿಸಿ ಗಾಯಕ್ಕೆ ಆಕ್ಸಿನ್ ಹಚ್ಚಿದರೆ ಪಕ್ಕದ ಮೊಗ್ಗುಗಳು ಏಳಲೇ ಇಲ್ಲ. 2014ರಲ್ಲಿ ಬಟಾಣಿ ಗಿಡಗಳ ಮೇಲೆ ನಡೆದ ಪರೀಕ್ಷೆಗಳು ಇದಕ್ಕೊಂದು ಮಾತು ಸೇರಿಸಿದವು: ಕುಡಿ ಹೋದೊಡನೆ ಅದರ ಪಾಲಿನ ಸಕ್ಕರೆ ಪಕ್ಕದ ಮೊಗ್ಗುಗಳಿಗೆ ಹರಿಯುತ್ತದೆ, ಅವುಗಳನ್ನು ಮೊದಲು ಎಬ್ಬಿಸುವುದು ಅದೇ. ಸೇವಂತಿಗೆಯ ಕುಡಿ ಚಿವುಟುವ ನಮ್ಮ ಗೃಹಿಣಿಯರಿಗೆ ಇದರ ಫಲ ಹೊಸದಲ್ಲ.

ಕತ್ತರಿಸುವ ಕೆಲಸ ಸುಲಭ. ಗಿಡ ನೀರಿನ ಮಟ್ಟಕ್ಕೆ ನಾಲ್ಕು ಬೆರಳು ಕೆಳಗಿರುವಾಗಲೇ ಹರಿತವಾದ ಕತ್ತರಿ ತೆಗೆದುಕೊಂಡು, ಆರೋಗ್ಯವಾಗಿರುವ ಒಂದು ಗೆಣ್ಣಿನ ತುಸು ಮೇಲೆ ಕತ್ತರಿಸಬೇಕು. ಮೊಂಡು ಕತ್ತರಿ ದಂಟನ್ನು ಜಜ್ಜುತ್ತದೆ, ಜಜ್ಜಿದೆಡೆ ಕೊಳೆಯುತ್ತದೆ. ಕೈಗೆ ಬಂದ ತುಂಡು 10ರಿಂದ 15 ಸೆಂಟಿಮೀಟರು ಇದ್ದರೆ ಸಾಕು. ಅದರ ಕೆಳಗಿನ ಎರಡು ಗೆಣ್ಣುಗಳ ಎಲೆ ಬಿಡಿಸಿ, ಆ ಗೆಣ್ಣುಗಳು ಹೂಳುವಂತೆ ಮರಳಿನಲ್ಲಿ ಇಕ್ಕಳದಿಂದ ನಾಟಬೇಕು. ಎಲೆ ಬಿಡಿಸದೆ ಹೂಳಿದರೆ ಅದು ಕೊಳೆತು ನೀರು ಕೆಡಿಸುತ್ತದೆ. ಅಂಗಡಿಯವರು ಸೀಸದ ಪಟ್ಟಿ ಸುತ್ತಿ ಕೊಡುವ ಕಟ್ಟನ್ನು ಹಾಗೆಯೇ ನೆಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಒಳಗಿನ ದಂಟುಗಳಿಗೆ ಬೆಳಕೆಲ್ಲಿ, ಗಾಳಿಯೆಲ್ಲಿ? ಬಿಚ್ಚಿ, ಎರಡು ಬೆರಳು ಅಂತರದಲ್ಲಿ ಒಂದೊಂದಾಗಿ ನೆಡುವುದೇ ಸರಿ.

ಬೇರಿಲ್ಲದ ತುಂಡು ಬದುಕೀತೆ ಎಂಬ ಶಂಕೆ ಸಹಜ. ನೆಲದ ಮೇಲಿನ ಗಿಡದ ತುಂಡು ಬಾಡುವುದು, ಎಲೆಯಿಂದ ಆವಿಯಾಗಿ ಹೋಗುವ ನೀರನ್ನು ತುಂಬಿಕೊಡಲು ಬೇರಿಲ್ಲದುದರಿಂದ. ನೀರಿನೊಳಗಿನ ತುಂಡಿಗೆ ಆ ಭಯವಿಲ್ಲ. ಎಲೆ, ದಂಟುಗಳೇ ನೀರನ್ನೂ ಲವಣಗಳನ್ನೂ ಹೀರುತ್ತವೆ. ಕಬ್ಬಿನ ತುಂಡಿನಂತೆ ಇಲ್ಲಿಯೂ ಹೊಸ ಬೇರು ಹುಟ್ಟುವುದು ಗೆಣ್ಣಿನಿಂದ. ಅನೇಕ ಗಿಡಗಳಲ್ಲಿ ಕತ್ತರಿಸುವ ಮೊದಲೇ ಗೆಣ್ಣಿನಿಂದ ಬಿಳಿಯ ನೂಲಿನಂಥ ಬೇರುಗಳು ಜೋತಾಡುತ್ತಿರುತ್ತವೆ. ಅದನ್ನು ರೋಗವೆಂದು ಭಾವಿಸುವವರೂ ಇದ್ದಾರೆ!

ಇನ್ನು ಉಳಿದ ಮೋಟಿನ ವಿಚಾರ. ನಮ್ಮ ಭಾಷೆಯಲ್ಲಿ 'ಮೂಲ'ವೆಂದರೆ ಬೇರೂ ಹೌದು, ಆದಿಯೂ ಹೌದು. ಆ ಸಂಸ್ಕಾರದಿಂದಲೋ ಏನೋ, ಬೇರಿರುವ ಬುಡವನ್ನು ಉಳಿಸಿಕೊಂಡು ತುದಿಯನ್ನು ಎಸೆಯುವವರೇ ಹೆಚ್ಚು. ಮೊದಲೆರಡು ಸಲ ಮೋಟು ಎರಡೆರಡು ಕವಲೊಡೆದು ಪೊದೆಯಾಗುವುದು ದಿಟ. ಆದರೆ ಹಲವು ಸಲ ಕತ್ತರಿ ಕಂಡ ಹಳೆಯ ಮೋಟು ಬಡವಾಗುತ್ತದೆ. ಅದರ ಮೇಲೆ ಪಾಚಿ ಕೂರುತ್ತದೆ. ಆಗ ಮೋಟನ್ನು ಕಿತ್ತು, ತುದಿಗಳನ್ನು ಆ ಜಾಗದಲ್ಲಿ ನೆಡಬೇಕು. ಎಳೆಯ ಎಲೆಯೂ ಬೆಳೆಯುವ ಶಕ್ತಿಯೂ ಇರುವುದು ತುದಿಯಲ್ಲಿ. ಎಲ್ಲವನ್ನೂ ಒಂದೇ ದಿನ ಕೀಳದೆ ವಾರಕ್ಕೊಂದು ಭಾಗದಂತೆ ಮಾಡಿದರೆ ಮೀನುಗಳಿಗೂ ಮರೆ ತಪ್ಪುವುದಿಲ್ಲ.

ಹೀಗೆ ಪ್ರತಿ ತಿಂಗಳೂ ಬೇಡವಾದ ತುಂಡುಗಳು ಹಿಡಿಗಟ್ಟಲೆ ಉಳಿಯುತ್ತವೆ. ಇವುಗಳನ್ನು ಕೆರೆಗೋ ಕಾಲುವೆಗೋ ಬಿಡುವುದು ಪುಣ್ಯಕಾರ್ಯವೆಂದು ತಿಳಿದವರಿದ್ದಾರೆ. ಬೇರಿಲ್ಲದೆ ಬದುಕುವ ತುಂಡಿನ ಗುಣ ಅಲ್ಲಿ ಬೇರೆಯೇ ರೂಪ ತಾಳುತ್ತದೆ. ನಮ್ಮ ಕೆರೆಗಳ ಸಾಮಾನ್ಯ ಗಿಡವಾದ ಹೈಡ್ರಿಲ್ಲ 1950ರ ದಶಕದ ಆರಂಭದಲ್ಲಿ ಸಿಂಹಳದಿಂದ ತೊಟ್ಟಿಯ ಗಿಡವಾಗಿ ಅಮೆರಿಕದ ಫ್ಲಾರಿಡಕ್ಕೆ ಹೋಯಿತು. ಅಲ್ಲಿ ಹೊರನೀರಿಗೆ ಸೇರಿದುದು ಹೆಣ್ಣು ಗಿಡ; ಬೀಜವೇ ಇಲ್ಲ. ಆದರೂ ತುಂಡುಗಳಿಂದಲೂ ಗೆಡ್ಡೆಗಳಿಂದಲೂ ಹರಡಿ ಸರೋವರಗಳನ್ನೇ ತುಂಬಿತು. ನೆರೆಯ ಕೇರಳದಲ್ಲಿ, ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರದ ಬಳಿಯ ಆವಳ ಪಾಂಡಿಯಲ್ಲಿ, 2020ರ ನವೆಂಬರಿನಲ್ಲಿ ಕಾಲುವೆಯ ತುಂಬ ನಸುಗೆಂಪು ಹೂವರಳಿ ಜನ ಮುಗಿಬಿದ್ದು ನೋಡಿದರು. ಅದು ಪರದೇಶದ ಕಬೊಂಬ. ನೋಟವೇನೋ ಚೆಲುವು, ಆದರೆ ಅದರಡಿಯಲ್ಲಿ ಸ್ಥಳೀಯ ಗಿಡಗಳಿಗೆ ಬೆಳಕಿಲ್ಲ, ಹರಿವಿಗೆ ದಾರಿಯಿಲ್ಲ. ಅಂತರಗಂಗೆ ಮುಚ್ಚಿದ ಕೆರೆಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆದುದರಿಂದ ಕತ್ತರಿಸಿದ ಚೂರುಗಳನ್ನೆಲ್ಲ ಜಾಲರಿಯಿಂದ ಎತ್ತಿ, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಅನಂತರವೇ ಗೊಬ್ಬರದ ಗುಂಡಿಗೆ ಹಾಕಬೇಕು. ತೊಟ್ಟಿಯಿಂದ ತೆಗೆದ ನೀರನ್ನೂ ಚರಂಡಿಗೆ ಚೆಲ್ಲದೆ ಹೂಗಿಡಗಳ ಬುಡಕ್ಕೆ ಹೊಯ್ಯುವುದು ಮೇಲು. ಕಣ್ಣಿಗೆ ಬೀಳದ ಒಂದೆರಡು ಗೆಣ್ಣಿನ ತುಂಡು ಅದರಲ್ಲಿಯೂ ಇರಬಹುದು.